ಪಂಚರ್ ಅಂಗಡಿಯ ಹಿಂದಿನ ಕಲ್ಲು

ಗಂಡಸರಿಗೆ ಐವತ್ತು ದಾಟಿದ ಮೇಲೆ ಹತ್ತುವ ಚಟಗಳನ್ನೆಲ್ಲ ಧನಲಕ್ಷ್ಮಿ ತಮ್ಮ ಓಣಿಯಲ್ಲೇ ಕಂಡಿದ್ದಳು. ಹಾಗಾಗಿ ಗಂಡ ಕಾಂತರಾಜ್ ಭಾನುವಾರ ಬೆಳಿಗ್ಗೆ ಒಂದು ಚೀಲಕ್ಕೆ ಕತ್ತಿ, ತಂತಿ ಬ್ರಷ್ಷು, ಸೀಮೆಸುಣ್ಣ, ನೀರಿನ ಬಾಟಲಿ ತುಂಬಿಕೊಂಡು ರಸ್ತೆ ಬದಿಯಲ್ಲಿ ಹಳೇ ಸರ್ವೆ ಕಲ್ಲು ಹುಡುಕಲು ಹೊರಟಾಗ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. “ಬಾರ್ ಮುಂದೆ ಕೂರೋದಕ್ಕಿಂತ ಕಲ್ಲಿನ ಮುಂದೆ ಕೂರೋದು ವಾಸಿ ಬಿಡ್ರಿ,” ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು. ಆ ನಗು ಮಳೆಗಾಲದವರೆಗೆ ಇತ್ತು.

ಕಾಂತರಾಜನದು ಭದ್ರಾವತಿಯ ಹಳೇನಗರದಲ್ಲಿ ಬಾಡಿಗೆ ಮನೆ. ಅಪ್ಪನಂತೆ ತಾನೂ ದೊಡ್ಡ ಕಾರ್ಖಾನೆಯಲ್ಲೇ ನಿವೃತ್ತಿಯಾಗುತ್ತೇನೆಂದು ನಂಬಿದ್ದವನು. ಆದರೆ ಅವನಿಗೆ ಸಿಕ್ಕಿದ್ದು ಕಂಟ್ರಾಕ್ಟ್ ಕೂಲಿ. ಕೆಲಸ ಕಡಿಮೆಯಾದಾಗ ಮೊದಲು ಹೊರಬಿದ್ದವರೂ ಕಂಟ್ರಾಕ್ಟಿನವರೇ. ಆಮೇಲೆ ಮಾಚೇನಹಳ್ಳಿಯ ಒಂದು ಎರಕದ ವರ್ಕ್‌ಶಾಪಿಗೆ ಸೇರಿಕೊಂಡ. ಅಚ್ಚಿನ ಮರಳು ಜರಡಿ ಹಿಡಿಯುವುದು, ತಣ್ಣಗಾದ ಎರಕದ ಅಂಚು ಉಜ್ಜುವುದು ಅವನ ಕೆಲಸ. ಮಗನ ವಯಸ್ಸಿನ ಸೂಪರ್‌ವೈಸರ್ ಅವನನ್ನು “ಏ ಕಾಂತ” ಎಂದು ಕರೆಯುತ್ತಿದ್ದ. ಸಂಜೆ ಮನೆಗೆ ಹೊರಡುವಾಗ ಗೇಟಿನಲ್ಲಿ ಕಾವಲುಗಾರ ಅವನ ಊಟದ ಡಬ್ಬಿ ತೆಗೆಸಿ ಒಳಗೆ ಬೆರಳಾಡಿಸಿ ನೋಡುತ್ತಿದ್ದ. ಕಾಂತರಾಜನಿಗೆ ಇದೆಲ್ಲ ಅಭ್ಯಾಸವಾಗಿ ಹೋಗಿತ್ತು. ಅಥವಾ ಅಭ್ಯಾಸವಾಗಿದೆ ಎಂದು ಅವನೇ ಅಂದುಕೊಂಡಿದ್ದ.

ಮಗಳು ಇಂಪನಾ ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕೊಂದರಲ್ಲಿ ನರ್ಸು. ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅಲ್ಲಿಯ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದಳು. ಅವರು ದಿನಾ ನಡೆಯಬೇಕು ಎಂದರು. “ಸುಮ್ನೆ ನಡಿ ಅಂದ್ರೆ ಎಲ್ಲಿಗಮ್ಮಾ ನಡೀಲಿ?” ಎಂದು ಅವನು ಕೇಳಿದ್ದಕ್ಕೆ ಮಗಳು ಅವನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಜಾಗದ ಗುರುತು ಕೊಡುತ್ತಾರೆ, ಇನ್ನೊಬ್ಬರು ಫೋನು ಹಿಡಿದು ಅದನ್ನು ಹುಡುಕುತ್ತಾರೆ. ದೇಶದೇಶಗಳಲ್ಲಿ ಜನ ಆಡುವ ಆಟವಂತೆ. ಭದ್ರಾವತಿಯಲ್ಲಿ ಡಬ್ಬಿ ಇಡುವವರು ಯಾರು? ಆದರೆ ಅದರಲ್ಲೇ ಇನ್ನೊಂದು ವಿಭಾಗವಿತ್ತು. ಸಮುದ್ರಮಟ್ಟಕ್ಕಿಂತ ಈ ಜಾಗ ಎಷ್ಟು ಎತ್ತರದಲ್ಲಿದೆ ಎಂದು ಹಿಂದಿನವರು ಅಳೆದು ರಸ್ತೆ ಬದಿಯಲ್ಲಿ ನೆಟ್ಟುಹೋದ ಗುರುತುಕಲ್ಲುಗಳನ್ನು ಹುಡುಕಿ, ಫೋಟೋ ತೆಗೆದು, ಎಲ್ಲಿದೆ, ಹೇಗಿದೆ ಎಂದು ಬರೆಯುವುದು.

ಮೊದಲ ಕಲ್ಲು ಸಿಕ್ಕಿದ್ದು ಒಂದು ಮೋರಿಯ ಪಕ್ಕ, ಲಂಟಾನದ ಪೊದೆಯೊಳಗೆ. ಪಾಚಿ ಉಜ್ಜಿ, ನೀರು ಹಾಕಿ ತೊಳೆದು, ಸೀಮೆಸುಣ್ಣ ಅಡ್ಡ ಹಿಡಿದು ಸವರಿದಾಗ ಒಂದು ಚೌಕ ಮೂಡಿತು, ಅದರ ಕೆಳಗೆ ಇಂಗ್ಲಿಷಿನ ಎರಡು ಅಕ್ಷರ. ದಿನವೂ ಬಸ್ಸಿನಲ್ಲಿ ಹೋಗಿ ಬರುವ ರಸ್ತೆಯಲ್ಲಿ ಇಷ್ಟು ವರ್ಷ ಇದು ಇಲ್ಲೇ ಇತ್ತಲ್ಲ ಎಂದು ಅವನ ಮೈ ಜುಮ್ಮೆಂದಿತು. ಅಂದು ರಾತ್ರಿ ಯಾವುದೋ ಊರಿನ ಯಾರೋ ಅವನ ಫೋಟೋ ಮೆಚ್ಚಿದ್ದರು. ಅವನು ಅದನ್ನು ಧನಲಕ್ಷ್ಮಿಗೆ ಎರಡು ಸಲ ತೋರಿಸಿದ.

ಲಾರಿ ಓಡಾಡುವ ರಸ್ತೆ, ಹುಲ್ಲಿನಲ್ಲಿ ಕೂತವನು ಕಾಣಿಸಲಿಕ್ಕಿಲ್ಲ ಎಂದು ಹೆದರಿ ಧನಲಕ್ಷ್ಮಿಯೇ ಒಂದು ದಾರಿ ಹುಡುಕಿದಳು. ವರ್ಕ್‌ಶಾಪಿನಲ್ಲಿ ಹಳತಾಗಿದೆಯೆಂದು ಎಸೆದಿದ್ದ, ಮಿಂಚುವ ಪಟ್ಟಿಯ ಕಿತ್ತಳೆ ಜಾಕೆಟ್ಟೊಂದನ್ನು ಅವನು ಮನೆಗೆ ತಂದಿದ್ದ. ಅದನ್ನು ಒಗೆದು, ಹರಿದಲ್ಲಿ ಹೊಲಿದು, “ಇದನ್ನ ಹಾಕ್ಕೊಂಡ್ರೆ ಮಾತ್ರ ಹೋಗಿ,” ಎಂದಳು.

ಆ ಜಾಕೆಟ್ ತೊಟ್ಟು, ಕೊರಳಿಗೆ ಕನ್ನಡಕ ನೇತುಹಾಕಿಕೊಂಡು, ಕೈಯಲ್ಲಿ ಅಳತೆ ಟೇಪು ಹಿಡಿದು ಕಾಂತರಾಜ್ ನಾಗಯ್ಯನ ಪಂಚರ್ ಅಂಗಡಿಗೆ ಬಂದದ್ದು ಬೇಸಿಗೆಯ ಒಂದು ಭಾನುವಾರ.

ಮಾಚೇನಹಳ್ಳಿ ದಾಟಿ ಭದ್ರಾವತಿಯ ಕಡೆಗೆ ಬರುವ ತಿರುವಿನಲ್ಲಿ ಆ ಅಂಗಡಿ. ಮುಂದೆ ತಗಡಿನ ಮಾಡು, ತೂಗುಹಾಕಿದ ಟೈರು, ಗಾಳಿ ತುಂಬುವ ಯಂತ್ರ. ಹಿಂದೆ ಹಸಿ ಇಟ್ಟಿಗೆಯ ಎರಡು ಕೋಣೆ. ಅದರಲ್ಲಿ ನಾಗಯ್ಯ ಮತ್ತು ಅವನ ಹೆಂಡತಿ ದುರ್ಗಮ್ಮ. ಮಕ್ಕಳಿಲ್ಲ. ಜಾಗಕ್ಕೆ ಕಾಗದಪತ್ರವೂ ಇಲ್ಲ. ರಸ್ತೆಯ ಪಕ್ಕದ ಖಾಲಿ ಅಂಚಿನಲ್ಲಿ ಮೊದಲು ಟೈರು ಇಟ್ಟು, ಆಮೇಲೆ ತಗಡು ಇಟ್ಟು, ಆಮೇಲೆ ಗೋಡೆ ಎಬ್ಬಿಸಿ ಬದುಕಿದವರು. ಫೋನು ತೋರಿಸಿದ ಕಲ್ಲು ಮನೆಯ ಹಿಂಗೋಡೆಗೆ ಆತುಕೊಂಡು ನಿಂತಿತ್ತು. ದುರ್ಗಮ್ಮ ಒಗೆದ ಬಟ್ಟೆಯನ್ನು ಅದರ ತಲೆಯ ಮೇಲೆ ಪೇರಿಸುತ್ತಿದ್ದಳು.

ಕಾಂತರಾಜ್ ಕೇಳದೆಯೇ ಅವಳು ಬಟ್ಟೆ ತೆಗೆದಳು. ನಾಗಯ್ಯ ಕೈಯ ಗ್ರೀಸು ಒರೆಸಿಕೊಳ್ಳುತ್ತ ಓಡಿಬಂದ.

“ಯಾವ ಆಫೀಸಿಂದ ಸಾರ್?”

“ಹಿಂಗೇ, ಸರ್ವೆ ಕಲ್ಲು ಎಲ್ಲೆಲ್ಲಿ ಇದೆ ಅಂತ ನೋಡ್ಕೊಂಡು ಹೋಗ್ತಿದೀನಿ,” ಎಂದ ಕಾಂತರಾಜ್. ಅದು ನಿಜವೇ ಆಗಿತ್ತು.

ನಾಗಯ್ಯ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಟವೆಲಿನಿಂದ ಒರೆಸಿ ಹಾಕಿದ. ಎದುರಿನ ಚಹಾದಂಗಡಿಯ ಮಲ್ಲಿಕ್‌ಗೆ ಕೂಗಿ, ಕಾಂತರಾಜ್ ಸಕ್ಕರೆ ಬೇಡವೆಂದದ್ದಕ್ಕೆ ಸಕ್ಕರೆ ಇಲ್ಲದ ಚಹಾ ತರಿಸಿದ. ತಾನೇ ಟೇಪಿನ ತುದಿ ಹಿಡಿದು ರಸ್ತೆಯಂಚಿನವರೆಗೆ ಓಡಿದ. “ಇಲ್ಲಿಗಾ ಸಾರ್? ಇನ್ನೂ ಈ ಕಡೆಗಾ ಸಾರ್?” ಎಂದು ಪ್ರತಿ ಹೆಜ್ಜೆಗೂ ಕೇಳಿದ. ಕಾಂತರಾಜನ ಆಯುಷ್ಯದಲ್ಲಿ ಯಾರೂ ಅವನನ್ನು ಸಾರ್ ಎಂದಿರಲಿಲ್ಲ. ಆ ಮಾತು ಬಿಸಿ ಚಹಾದಂತೆ ಒಳಗೆ ಇಳಿಯಿತು.

“ರೋಡ್ ಅಗಲ ಮಾಡ್ತಾರಾ ಸಾರ್?” ಹೊರಡುವಾಗ ನಾಗಯ್ಯ ಮೆಲ್ಲಗೆ ಕೇಳಿದ.

ನಾನು ಆಫೀಸರಲ್ಲ ಮಾರಾಯ, ಮರಳು ಜರಡಿ ಹಿಡಿಯೋನು, ಎಂದು ಹೇಳುವುದು ಆಗ ಸುಲಭವಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕುರ್ಚಿ ಒರೆಸಿದ ಟವೆಲು ಇನ್ನೂ ನಾಗಯ್ಯನ ಕೈಯಲ್ಲೇ ಇತ್ತು. “ಅದೆಲ್ಲ ನಾನು ಹೇಳಕ್ಕಾಗಲ್ಲ,” ಎಂದ ಕಾಂತರಾಜ್. ತಾನು ಕಚೇರಿಗಳ ಕಿಟಕಿಯ ಮುಂದೆ ನಿಂತು ಕೇಳಿಸಿಕೊಂಡ ಧಾಟಿಯಲ್ಲೇ ಅದನ್ನು ಹೇಳಿದ.

ಮುಂದಿನ ಭಾನುವಾರವೂ ಅಲ್ಲಿಗೇ ಹೋದ. ಅದರ ಮುಂದಿನದಕ್ಕೂ. “ಸಿಕ್ಕಿದ ಕಲ್ಲನ್ನೇ ಮತ್ತೆ ಮತ್ತೆ ಯಾಕ್ರೀ ನೋಡಕ್ಕೆ ಹೋಗ್ತೀರಿ?” ಎಂದು ಧನಲಕ್ಷ್ಮಿ ಕೇಳಿದಾಗ ಫೋಟೋ ಸರಿಯಾಗಿ ಬಂದಿಲ್ಲ ಎಂದ. ಅಲ್ಲಿ ಅವನ ಕುರ್ಚಿ ಈಗ ಮೊದಲೇ ಹೊರಗೆ ಇರುತ್ತಿತ್ತು. ಮಲ್ಲಿಕ್ ಚಹಾಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಸುತ್ತಲಿನ ನಾಲ್ಕು ಅಂಗಡಿಯವರು ಬಂದು ಕೈಕಟ್ಟಿ ನಿಂತು, ಅವನ ಮುಖವನ್ನೇ ನೋಡುತ್ತಿದ್ದರು. ಕಲ್ಲಿನವರೆಗೂ ರಸ್ತೆ ಬರುತ್ತದಂತೆ ಎಂಬ ಸುದ್ದಿ ಅವರ ನಡುವೆ ಹುಟ್ಟಿ, ಬೆಳೆದು, ಖಾತ್ರಿಯಾಗಿತ್ತು. ಅವನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಮಳೆ ಶುರುವಾದ ಹೊಸದರಲ್ಲಿ ನಾಗಯ್ಯ ಅವನನ್ನು ಒಂದು ಬದಿಗೆ ಕರೆದ. ಮುಖ ಇಳಿದಿತ್ತು, ನಿದ್ದೆಗೆಟ್ಟ ಕಣ್ಣು.

“ಸಾರ್, ಒಂದು ಮಾತು. ಕಲ್ಲು ಹಿಂದ್ಗಡೆ ಇರೋದ್ರಿಂದ ನಮ್ಮನೆ ಪೂರ್ತಿ ರೋಡಿಗೆ ಹೋಗುತ್ತೆ. ಅದೇ ಕಲ್ಲು ಮುಂದೆ, ಚರಂಡಿ ಹತ್ರ ಇದ್ದಿದ್ರೆ?”

ಕಾಂತರಾಜ್ ಚಹಾದ ಲೋಟ ಕೆಳಗಿಟ್ಟು ನಕ್ಕ. “ಮುಂದೆ ಇದ್ದಿದ್ರೆ ನೀನೇ ಅದೃಷ್ಟವಂತ ಬಿಡು ನಾಗಯ್ಯ,” ಎಂದ.

ಅಷ್ಟೇ. ಅವನಿಗೆ ಅದು ಮಾತಿಗೊಂದು ಮಾತು. ಬಸ್ಸು ಹತ್ತುವಷ್ಟರಲ್ಲಿ ಮರೆತೂ ಹೋಗಿತ್ತು.

ನಾಗಯ್ಯ ಮರೆಯಲಿಲ್ಲ. ಸಾಹೇಬರು ಬಾಯಿಬಿಟ್ಟು ಹೇಳುವಂತಿಲ್ಲ, ಸೂಕ್ಷ್ಮವಾಗಿ ದಾರಿ ತೋರಿಸಿದ್ದಾರೆ ಎಂದು ಅವನು ತಿಳಿದ. ಹೆಂಡತಿಗೂ ಹಾಗೇ ಹೇಳಿದ. ಹಿತ್ತಲಲ್ಲಿ ಹಾರೆ ಹಾಕಿ ಅಗೆಯತೊಡಗಿದ. ಕಲ್ಲು ಕಂಡದ್ದಕ್ಕಿಂತ ಎರಡರಷ್ಟು ಉದ್ದ ನೆಲದೊಳಗಿತ್ತು. ಗೋಡೆಯ ಬುಡ ಬಿಟ್ಟು ಅಗೆಯಲು ಜಾಗವಿರಲಿಲ್ಲ. ಗುಂಡಿಯಲ್ಲಿ ಮಳೆ ನೀರು ನಿಂತಿತು. ಅದನ್ನು ಡಬ್ಬಿಯಲ್ಲಿ ಮೊಗೆದು ಚೆಲ್ಲಿ ಮತ್ತೆ ಅಗೆದ. ಮೂರನೆಯ ದಿನ ಮಧ್ಯಾಹ್ನ ಊಟ ಮಾಡಿ, ಲಾರಿ ಎತ್ತುವ ಜಾಕಿಯನ್ನು ಕಲ್ಲಿನ ಕೆಳಗೆ ಕೊಟ್ಟು ಎತ್ತಿದ. ಕಲ್ಲು ಅಲುಗಿತು. ಅದರ ಜೊತೆಗೆ ನೆಂದ ಗೋಡೆಯೂ ಅಲುಗಿತು. ದುರ್ಗಮ್ಮ ಎದುರಿನ ನಲ್ಲಿಯಲ್ಲಿ ಕೊಡ ಹಿಡಿದಿದ್ದಳು. ಸದ್ದು ಕೇಳಿ, ಯಾವುದೋ ಲಾರಿಯ ಟೈರು ಒಡೆಯಿತು, ಗಿರಾಕಿ ಬಂದ ಎಂದುಕೊಂಡಳಂತೆ. ಹಿಂಗೋಡೆ ಇಡಿಯಾಗಿ ಗುಂಡಿಯ ಮೇಲೆ ಮಲಗಿತ್ತು. ಮಲ್ಲಿಕ್ ಮತ್ತು ಉಳಿದವರು ಇಟ್ಟಿಗೆ ಸರಿಸುವ ಹೊತ್ತಿಗೆ ನಾಗಯ್ಯನ ಉಸಿರು ನಿಂತಿತ್ತು.

ಇದೊಂದೂ ತಿಳಿಯದೆ ಕಾಂತರಾಜ್ ಆ ಭಾನುವಾರ ಕಿತ್ತಳೆ ಜಾಕೆಟ್ ತೊಟ್ಟು ಬಸ್ಸಿಳಿದ. ಹೊರಗೆ ಕುರ್ಚಿ ಇರಲಿಲ್ಲ. ಮನೆಯ ಹಿಂಭಾಗಕ್ಕೆ ನೀಲಿ ತಾಡಪಾಲು ಕಟ್ಟಿದ್ದರು. ಮಲ್ಲಿಕ್ ಅವನನ್ನು ಕಂಡು ರಸ್ತೆ ದಾಟಿ ಬಂದು ಎಲ್ಲವನ್ನೂ ಹೇಳಿದ.

ಅಷ್ಟರಲ್ಲಿ ದುರ್ಗಮ್ಮ ಒಳಗಿಂದ ಬಂದಳು. ನೇರವಾಗಿ ಬಂದು ಅವನ ಕಾಲು ಹಿಡಿದಳು.

“ಬಂದ್ರಾ ಸಾರ್. ನೀವು ಬಂದೇ ಬರ್ತೀರಿ ಅಂತ ಕಾಯ್ತಿದ್ದೆ. ನೀವು ಹೇಳಿದಂಗೇ ಮಾಡಕ್ಕೆ ಹೋಗಿ ನಮ್ಮನೆಯವ್ರು ಹೋದ್ರು. ನಂಗೆ ಯಾರೂ ಇಲ್ಲ ಸಾರ್. ಸರ್ಕಾರದಿಂದ ಏನಾದ್ರೂ ಪರಿಹಾರ ಕೊಡ್ಸಿ.”

“ಅಮ್ಮಾ, ಏಳಮ್ಮಾ... ನಾನು ಆಫೀಸರಲ್ಲಮ್ಮಾ. ಮಾಚೇನಹಳ್ಳಿಲಿ ವರ್ಕ್‌ಶಾಪಲ್ಲಿ ಕೂಲಿ ಮಾಡೋನು. ಫೋನಲ್ಲಿ ಒಂದು ಆಟ, ಅದಕ್ಕೆ ಕಲ್ಲು ನೋಡ್ತಿದ್ದೆ ಅಷ್ಟೇ.”

ದುರ್ಗಮ್ಮ ತಲೆಯೆತ್ತಿ ನೋಡಿದಳು. ಜಾಕೆಟ್ಟನ್ನು ನೋಡಿದಳು, ಕನ್ನಡಕ ನೋಡಿದಳು. ಅವಳ ಮುಖದಲ್ಲಿದ್ದ ಬೇಡಿಕೆ ನಿಧಾನವಾಗಿ ಆರಿಹೋಯಿತು.

“ಹಿಂಗೆ ಹೇಳ್ಬೇಡಿ ಸಾರ್,” ಎಂದಳು.

ಮಲ್ಲಿಕ್ ತಡೆಯಲಾರದೆ ಕೂಗಿದ: “ಅಳತೆ ಮಾಡುವಾಗ ಸಾಹೇಬ್ರು. ಪರಿಹಾರ ಅಂದ ತಕ್ಷಣ ಕೂಲಿನಾ? ಎಲ್ಲಾ ಆಫೀಸರ್‌ಗಳ ಕಥೆನೂ ಇಷ್ಟೇ ಬಿಡು ದುರ್ಗಕ್ಕಾ. ಆಟ ಅಂತೆ, ಆಟ! ಹೋಗ್ರಿ ಸ್ವಾಮಿ ಇಲ್ಲಿಂದ, ಜನ ಸೇರೋಕೆ ಮುಂಚೆ ಹೋಗ್ರಿ.”

ಅವನು ಹೋದ. ಬಸ್ಸಿಗೂ ಕಾಯದೆ ಭದ್ರಾವತಿಯವರೆಗೆ ಮಳೆಯಲ್ಲೇ ನಡೆದ.

ಮನೆಯಲ್ಲಿ ಧನಲಕ್ಷ್ಮಿಗೆ ಎಲ್ಲವನ್ನೂ ಹೇಳಿದ. ಹೇಳಿ, “ನಾನು ಆಫೀಸರು ಅಂತ ಒಂದು ಸಲನೂ ಹೇಳಿಲ್ಲ ಕಣೆ,” ಎಂದ.

ಅವಳು ಅವನ ಒದ್ದೆ ಜಾಕೆಟ್ಟನ್ನು ಬಿಚ್ಚಿಸಿ ಕೈಗೆ ತೆಗೆದುಕೊಂಡಳು. ಆಮೇಲೆ ಕೇಳಿದಳು: “ಅಲ್ಲ ಅಂತ ಹೇಳಿದ್ರಾ?”

ಕೇಳಿ, ಜಾಕೆಟ್ಟನ್ನು ಒಲೆಗೆ ಹಾಕಿದಳು. ಅದು ಉರಿಯದೆ ಕರಗಿ, ಮನೆತುಂಬ ಹೊಗೆ ಮಾಡಿತು.

ಆಮೇಲಿನ ವಾರಗಳು ಹೇಗೆ ಕಳೆದವೆಂದು ಕಾಂತರಾಜ್ ಯಾರಿಗೂ ಹೇಳಿಲ್ಲ. ಕೆಲಸಕ್ಕೆ ಹೋಗುವ ಬಸ್ಸು ದಿನವೂ ಅದೇ ತಿರುವಿನಲ್ಲಿ ಹಾಯಬೇಕು. ಅಲ್ಲಿಗೆ ಬಂದಾಗ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ತಲೆ ತಗ್ಗಿಸುತ್ತಿದ್ದ. ಪೊಲೀಸರು ಗೋಡೆ ಕುಸಿದು ಸಾವು ಎಂದು ಬರೆದುಕೊಂಡು ಹೋಗಿದ್ದರು. ಅವನನ್ನು ಯಾರೂ ಹುಡುಕಿ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು ಎಂದು ಅನಿಸುತ್ತಿತ್ತು.

ಹುಡುಕುತ್ತಿದ್ದವಳು ದುರ್ಗಮ್ಮ ಒಬ್ಬಳೇ. ಅದೂ ಅವನಿಗೆ ಬಸ್ಸಿನಲ್ಲೇ ತಿಳಿಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಪಂಚರ್ ಅಂಗಡಿಯವಳು ಶಿವಮೊಗ್ಗದ ಆಫೀಸು ಆಫೀಸು ಅಲೆಯುತ್ತಿದ್ದಾಳಂತೆ, ಕಿತ್ತಳೆ ಕೋಟಿನ ಸಾಹೇಬರು ಎಲ್ಲಿ ಸಿಗ್ತಾರೆ ಅಂತ ಕಂಡಕಂಡವರನ್ನು ಕೇಳುತ್ತಾಳಂತೆ, ಜನ ಅವಳಿಗೆ ತಲೆ ಕೆಟ್ಟಿದೆ ಅಂತಾರಂತೆ.

ಮರುದಿನ ಅವನು ಅರ್ಧ ದಿನ ರಜೆ ಕೇಳಿದ. ಸೂಪರ್‌ವೈಸರ್ ಬೈದ. ಬೈಸಿಕೊಂಡು, ಮೈಕೈ ಸಹ ತೊಳೆಯದೆ, ಮಸಿ ಹಿಡಿದ ನೀಲಿ ಸಮವಸ್ತ್ರದಲ್ಲೇ ಹೊರಟು ತಿರುವಿನಲ್ಲಿ ಇಳಿದ. ದುರ್ಗಮ್ಮ ಅಂಗಡಿಯ ಹೊಸ್ತಿಲಲ್ಲಿ ಕೂತು ಹಳೇ ಟ್ಯೂಬುಗಳನ್ನು ಗುಜರಿಗೆ ಹಾಕಲು ಕತ್ತರಿಸುತ್ತಿದ್ದಳು.

“ಪಂಚರ್ ಹಾಕಲ್ಲ ಅಣ್ಣ, ಅಂಗಡಿ ಮುಚ್ಚಿದೆ,” ಎಂದಳು. ಗುರುತೇ ಸಿಗಲಿಲ್ಲ.

“ನಾನಮ್ಮಾ... ಕಲ್ಲು ಅಳೆಯಕ್ಕೆ ಬರ್ತಿದ್ದೋನು.”

ಅವಳ ಕೈಯ ಕತ್ತರಿ ನಿಂತಿತು. ಅವನ ಮುಖ ನೋಡಿದಳು, ಜೇಬಿನ ಮೇಲಿನ ವರ್ಕ್‌ಶಾಪಿನ ಹೆಸರು ನೋಡಿದಳು, ಕೊನೆಗೆ ಅವನ ಕೈ ನೋಡಿದಳು. ಉಗುರಿನ ಸಂದಿಯ ಮಸಿ ಎಷ್ಟು ತೊಳೆದರೂ ಹೋಗದ್ದು. ಅಂಥ ಕೈಗೆ ಅವಳು ಬದುಕಿಡೀ ಅನ್ನ ಬಡಿಸಿದ್ದಳು.

“ನಿಜಕ್ಕೂ ಆಫೀಸರಲ್ವಾ?”

“ಅಲ್ಲ.”

“ಹಂಗಾದ್ರೆ ಯಾತಕ್ಕೆ ಅಳೆದ್ರಿ?”

ಅವನು ಬಾಯಿ ತೆರೆದ. ಆಟ, ಹವ್ಯಾಸ, ಸಕ್ಕರೆ ಕಾಯಿಲೆ, ಡಾಕ್ಟರು, ಮಗಳು. ಏನೇನೋ ಹೇಳಬಹುದಿತ್ತು. “ಸುಮ್ನೆ,” ಎಂದ.

“ಸುಮ್ನೆ,” ಎಂದಳು ದುರ್ಗಮ್ಮ.

ಆ ಮಾತಿಗೆ ಆಧಾರ ಬೇಕೇನೋ ಎಂಬಂತೆ ಅವನು ಫೋನು ತೆಗೆದು ತೋರಿಸಿದ. ಕಲ್ಲಿನ ಫೋಟೋ, ಸೀಮೆಸುಣ್ಣದಲ್ಲಿ ಬೆಳ್ಳಗೆ ಮೂಡಿದ ಅಕ್ಷರ. ಒಂದು ಮೂಲೆಯಲ್ಲಿ ಟೇಪಿನ ತುದಿ ಹಿಡಿದು, ಹಲ್ಲು ಬಿಟ್ಟು ನಗುತ್ತ ನಿಂತ ನಾಗಯ್ಯ. ಅವಳು ಫೋನನ್ನು ಕೈಗೆ ತೆಗೆದುಕೊಂಡು ಹತ್ತಿರ ಹಿಡಿದು ನೋಡಿದಳು.

“ನಿಮ್ಮನ್ನ ಮೆಚ್ಚಿಸ್ಬೇಕು ಅಂತ ಹೆಂಗೆ ನಿಂತವ್ರೆ ನೋಡಿ,” ಎಂದಳು. “ನನ್ ಮುಂದೆ ಯಾವತ್ತೂ ಹಿಂಗೆ ನಕ್ಕೋರಲ್ಲ. ಇದನ್ನ ಬೇರೆಯವ್ರೂ ನೋಡ್ತಾರಾ?”

“ಯಾರು ಬೇಕಾದ್ರೂ ನೋಡಬಹುದು.”

“ಅಳಿಸಿ.”

ಅವನು ಅಳಿಸಿದ. ಅವಳು ನೋಡುತ್ತಲೇ ಇದ್ದಳು, ಅದು ಹೋಗುವವರೆಗೆ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಕಲ್ಲು ಹಿಂದ್ಗಡೆ ಹಂಗೇ ಬಿದ್ದಿದೆ. ಸರ್ಕಾರದ್ದು ಅಂತ ಯಾರೂ ಮುಟ್ಟಲ್ಲ. ನಾಳೆ ಯಾರಾದ್ರೂ ಬಂದು ಕಲ್ಲು ಕದಿಯಕ್ಕೆ ಹೋಗಿ ಸತ್ತ ಅಂತ ನಮ್ಮನೆಯವ್ರ ಮೇಲೆ ಹೇಳೋದು ಬೇಡ. ಎಲ್ಲಿತ್ತೋ ಅಲ್ಲೇ ನಿಲ್ಸಿ ಹೋಗಿ.”

ಮಲ್ಲಿಕ್ ಮೊದಲು ಬರಲೊಪ್ಪಲಿಲ್ಲ. ದುರ್ಗಮ್ಮ ಕರೆದ ಮೇಲೆ ಬಂದ. ಇನ್ನಿಬ್ಬರು ಸೇರಿದರು. ಇಟ್ಟಿಗೆ ಚೂರು ಬಾಚಿ, ಗುಂಡಿಯ ಕೆಸರು ತೆಗೆದು, ಹಗ್ಗ ಹಾಕಿ ಕಲ್ಲನ್ನು ಎತ್ತಿ ಇಳಿಸಿದರು. ಕಾಂತರಾಜ್ ಗುಂಡಿಯೊಳಗೆ ಇಳಿದು ಭುಜ ಕೊಟ್ಟು ನಿಂತ. ಮಣ್ಣು ತುಂಬಿ ಹಾರೆಯ ಹಿಂಬದಿಯಿಂದ ಗಟ್ಟಿಸಿದರು. ಒಮ್ಮೆ ಬುಡದಿಂದ ಕದಲಿದ ಮೇಲೆ ಆ ಕಲ್ಲಿನ ಮೇಲಿನ ಗುರುತಿಗೆ ಬೆಲೆಯಿಲ್ಲ, ಎತ್ತರ ಬೆರಳಷ್ಟು ತಪ್ಪಿದರೂ ಅದು ಬರೀ ಕಲ್ಲು ಎಂಬುದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅವನು ಹೇಳಲಿಲ್ಲ. ನೆಟ್ಟಗೆ ನಿಂತಿದೆಯೇ ಎಂದು ದುರ್ಗಮ್ಮ ನಾಲ್ಕೂ ಕಡೆಯಿಂದ ನೋಡಿದಳು. ಯಾರೂ ಚಹಾ ಕುಡಿಯಲಿಲ್ಲ.

ದೀಪಾವಳಿಗೆ ಮುಂಚೆ ಅವಳು ಅಂಗಡಿಯ ತಗಡು ಮಾರಿ ತರೀಕೆರೆಯಲ್ಲಿ ತಂಗಿಯ ಮನೆಗೆ ಹೋದಳು. ಅಡಿಕೆ ಸುಲಿಯುವ ಕೆಲಸ ಸಿಕ್ಕಿದೆ ಎಂದು ಮಲ್ಲಿಕ್ ಹೇಳಿದ. ರಸ್ತೆಯನ್ನು ಅಗಲ ಮಾಡಲು ಯಾರೂ ಬರಲಿಲ್ಲ. ಕಾಂತರಾಜ್ ನಡೆಯುವುದನ್ನು ಬಿಟ್ಟ. ಸಕ್ಕರೆ ಏರಿತು. ಕಾಲ ಹೆಬ್ಬೆರಳಿಗೆ ಆದ ಗಾಯ ಮಾಯದೆ ಬೆರಳು ತೆಗೆಯಬೇಕಾಯಿತು. ಇಂಪನಾ ಪಟ್ಟಿ ಕಟ್ಟುತ್ತ, “ಯಾಕಪ್ಪಾ ಹಿಂಗೆ ಮಾಡ್ಕೊಂಡ್ರಿ?” ಎಂದು ಅತ್ತಳು. ಅವಳಿಗೆ ಅಪ್ಪ ಅಮ್ಮ ಏನನ್ನೂ ಹೇಳಿರಲಿಲ್ಲ. ಆಟ ಹಾಕಿಕೊಟ್ಟವಳು ಅವಳು. ಆ ಸಾವಿನ ಭಾರ ಅವಳ ತಲೆಗೆ ಹೋಗುವುದು ಬೇಡವೆಂದು ಧನಲಕ್ಷ್ಮಿ ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು.

ಮರುವರ್ಷ ಒಂದು ಬೆಳಿಗ್ಗೆ ಫೋನು ಬಂತು. ದುರ್ಗಮ್ಮ. ನಂಬರನ್ನು ಮಲ್ಲಿಕ್ ಹಿಂದೆಯೇ ವರ್ಕ್‌ಶಾಪಿನ ಗೇಟಿನಲ್ಲಿ ಕೇಳಿ ಕೊಟ್ಟಿದ್ದನಂತೆ. ವಿಧವಾ ವೇತನಕ್ಕೆ ಅರ್ಜಿ ಹಾಕಬೇಕು, ಭದ್ರಾವತಿಯ ಕಚೇರಿಯಲ್ಲಿ ಗಂಡನನ್ನು ಬಲ್ಲವರೊಬ್ಬರು ಬಂದು ಹೇಳಬೇಕಂತೆ, ಮಲ್ಲಿಕ್ ಊರಲ್ಲಿಲ್ಲ. “ನಿಮಗೆ ಬರಕ್ಕಾಗುತ್ತಾ?” ಎಂದು ಮಾತ್ರ ಕೇಳಿದಳು.

ಕಾಂತರಾಜ್ ಕೋಲೂರಿಕೊಂಡು ಹೋದ. ಕಚೇರಿಯ ಕಿಟಕಿಯ ಮುಂದೆ ಇಬ್ಬರೂ ಸಾಲಿನಲ್ಲಿ ನಿಂತರು. ಅವಳು ಸೊರಗಿದ್ದಳು, ಬೆರಳುಗಳು ಅಡಿಕೆಯ ಚೊಗರಿಗೆ ಕಪ್ಪಾಗಿದ್ದವು. ಸರದಿ ಬಂದಾಗ ಒಳಗಿದ್ದವನು ಕಾಗದ ತಿರುವಿ ಹಾಕಿ, ಕಾಂತರಾಜನ ಕಡೆ ಗದ್ದ ಎತ್ತಿದ.

“ನೀನು ಇವ್ಳಿಗೆ ಏನಾಗ್ಬೇಕಯ್ಯಾ?”

ಕಾಂತರಾಜ್ ತಡವರಿಸಿದ.

“ಗೊತ್ತಿರೋರು ಸಾರ್,” ಎಂದಳು ದುರ್ಗಮ್ಮ. “ನಮ್ಮನೆಯವ್ರು ಇವ್ರಿಗೆ ಚೆನ್ನಾಗಿ ಗೊತ್ತಿತ್ತು.”

ಒಳಗಿದ್ದವನು ತೋರಿಸಿದಲ್ಲಿ ಕಾಂತರಾಜ್ ಸಹಿ ಹಾಕಿದ. ಹೊರಗೆ ಬಂದು ಅವಳು ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ತರೀಕೆರೆಯ ಬಸ್ಸು ಎಷ್ಟೊತ್ತಿಗೆ ಎಂದು ಅಲ್ಲಿದ್ದ ಇನ್ಯಾರನ್ನೋ ಕೇಳಿದಳು, ಮತ್ತು ಅತ್ತ ನಡೆದಳು.